ಇಬ್ಬರು ನಾರಾಯಣಮ್ಮಂದಿರ ಇಂಗ್ಲಿಷ್ ಸಾರ್

ಮೊನ್ನೆ ದವಡೆ ಹಲ್ಲು ನೋಯುತ್ತಿದೆಯೆಂದು ಒಂದು ಲವಂಗ ಕಚ್ಚಿಕೊಂಡೆ. ಅಂಗಡಿಯಲ್ಲಿ ಬ್ಲೌಸಿಗೆ ಹುಕ್ಕು ಹಾಕುತ್ತಾ ಕೂತಿದ್ದೆ. ವಾಸನೆ ಮೂಗಿಗೆ ಏರಿದ್ದೇ ತಡ, ನಮ್ಮ ಇಂಗ್ಲಿಷ್ ಸಾರ್ ಬಂದು ಎದುರಿಗೆ ನಿಂತರು. ಹಾಳಾದ ಲವಂಗ! ಅವರ ಬಾಯಲ್ಲಿ ಸದಾ ಒಂದು ಇರುತ್ತಿತ್ತು. ಚಿಂತಾಮಣಿಯಿಂದ ಬೆಳಗಿನ ಬಸ್ಸಿಗೆ ಬರುವರು. ಅವರಿಗಿಂತ ಮುಂಚೆ ಆ ವಾಸನೆ ಕ್ಲಾಸಿನ ಒಳಗೆ ಬರುತ್ತಿತ್ತು.

ನಮ್ಮೂರು ಕೈವಾರದ ಪಕ್ಕ. ಆ ಕಡೆ, ಕೈವಾರದ ಸಂತ ನಾರಾಯಣ ತಾತಯ್ಯನ ಹೆಸರಿಡದ ಮನೆಯಿಲ್ಲ. ಗಂಡಾದರೆ ನಾರಾಯಣಪ್ಪ, ಹೆಣ್ಣಾದರೆ ನಾರಾಯಣಮ್ಮ. ಹತ್ತನೇ ಕ್ಲಾಸಿನಲ್ಲಿ ನಾವಿಬ್ಬರು ನಾರಾಯಣಮ್ಮಂದಿರಿದ್ದೆವು. ಇನ್ನೊಬ್ಬಳು ಪಟೇಲರ ಮನೆಯವಳು. ಸಾರ್ ಪ್ರಶ್ನೆ ಮುಗಿಸುವ ಮುಂಚೆಯೇ ಅವಳ ಕೈ ಮೇಲೆ. ನಮ್ಮ ಮನೆಮಾತು ತೆಲುಗು. ಇಂಗ್ಲಿಷ್ ಪ್ರಶ್ನೆ ನನ್ನ ತಲೆಯೊಳಗೆ ಮೊದಲು ಕನ್ನಡವಾಗಬೇಕು, ಆಮೇಲೆ ತೆಲುಗಾಗಬೇಕು, ಉತ್ತರ ಮತ್ತೆ ಅದೇ ದಾರಿಯಲ್ಲಿ ವಾಪಸು ಬರಬೇಕು. ಬರುತ್ತಿತ್ತು, ಬರುತ್ತಿರಲಿಲ್ಲ ಅಂತಲ್ಲ. ಅಷ್ಟು ಹೊತ್ತು ಕಾಯುವವರು ಯಾರು?

ನಾಮಪದ, ಗುಣವಾಚಕ, ಸರ್ವನಾಮ ಅಂದರೆ ನಮ್ಮ ಹುಡುಗರಿಗೆ ಮೂರೂ ಒಂದೇ ಗೊಜ್ಜು. ಅದನ್ನು ಬಿಡಿಸಿ ಹೇಳಲು ಸಾರ್ ಒಂದು ಉಪಾಯ ಹುಡುಕಿದರು. ನಮ್ಮಿಬ್ಬರನ್ನೂ ಬೋರ್ಡಿನ ಮುಂದೆ ನಿಲ್ಲಿಸಿದರು. ಇಬ್ಬರಿಗೂ ಹೆಸರೊಂದೇ, ಅದು ನೌನ್. ಯಾವ ನಾರಾಯಣಮ್ಮ ಅಂತ ಗೊತ್ತಾಗಬೇಕಾದರೆ ಹೆಸರಿಗಿಂತ ಮುಂಚೆ ಒಂದು ಪದ ಸೇರಿಸಬೇಕು, ಅದು ಅಡ್ಜೆಕ್ಟಿವ್. ಅವಳ ಕಡೆ ಕಡ್ಡಿ ತೋರಿಸಿ "ಬ್ರೈಟ್ ನಾರಾಯಣಮ್ಮ" ಅಂದರು. ಕಡ್ಡಿ ನನ್ನ ಕಡೆ ತಿರುಗಿತು. "ಡಲ್ ನಾರಾಯಣಮ್ಮ." ಕ್ಲಾಸಿಗೆ ಕ್ಲಾಸೇ ಒಟ್ಟಿಗೆ ಹೇಳಿತು. ಕೊನೆಗೆ, ಹೆಸರೂ ಬೇಡ ಗುಣವೂ ಬೇಡ, ಬರೀ ಷೀ ಅಂದರೆ ಸಾಕು, ಅದೇ ಪ್ರೊನೌನ್ ಅಂದರು. ಆಗ ನನಗೆ ಹೋದ ಉಸಿರು ಬಂತು. ಷೀ ಅನ್ನುವಲ್ಲಿ ಇಬ್ಬರೂ ಒಂದೇ ಆಗಿದ್ದೆವು...

ಪಾಠ ಚೆನ್ನಾಗಿ ಕೂತಿತು. ಸುಳ್ಳು ಯಾಕೆ ಹೇಳಲಿ, ಆ ವರ್ಷ ಆ ಮೂರನ್ನು ಒಬ್ಬರೂ ತಪ್ಪು ಬರೆಯಲಿಲ್ಲ. ಅದಕ್ಕೇ ಸಾರ್ ವಾರ ವಾರವೂ ನಮ್ಮನ್ನು ಎಬ್ಬಿಸಿ ನಿಲ್ಲಿಸಿದರು. ಅವರು ಯಾರನ್ನೂ ಹೊಡೆದವರಲ್ಲ. ಹೊಡೆದಿದ್ದರೆ ಬಾಸುಂಡೆ ನಾಲ್ಕು ದಿನಕ್ಕೆ ಮಾಯುತ್ತಿತ್ತು. ಈ ಹೆಸರು ಸ್ಕೂಲಿನ ಗೇಟು ದಾಟಿ, ನೀರಿನ ಟ್ಯಾಂಕಿನ ಹತ್ತಿರ ಬಂತು, ನಮ್ಮ ಮನೆ ಬಾಗಿಲಿಗೂ ಬಂತು. ಬೆಳಿಗ್ಗೆ ಜೊತೆಗಾರ್ತಿಯರು ಬೀದಿಯಲ್ಲಿ ನಿಂತು ಹಾಗೇ ಕೂಗುವರು. ಹಟ್ಟಿಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಅಪ್ಪ ಕೇಳಿಸಿಕೊಳ್ಳುತ್ತಿದ್ದ.

ತೆಲುಗಿನ ಮನೆಗಳಲ್ಲಿ ಹೆಸರಿಗಿಂತ ಮುಂಚೆ ಇಂಟಿಪೇರು ಇರುತ್ತದೆ, ಮನೆತನದ ಹೆಸರು. ಅದನ್ನು ಸೇರಿಸಿ ಕರೆದರೆ ಅದೊಂದು ಮರ್ಯಾದೆ. ಅಪ್ಪ ಒಂದಕ್ಷರ ಓದಿದವನಲ್ಲ. ಸ್ಕೂಲಿನವರು ಮಗಳಿಗೆ ಇಂಗ್ಲಿಷಿನಲ್ಲಿ ಇಂಟಿಪೇರು ಕೊಟ್ಟಿದ್ದಾರೆ ಅಂದುಕೊಂಡುಬಿಟ್ಟ. ನನಗೆ ಅದು ಗೊತ್ತಾದದ್ದು ಆ ದಿನವೇ.

ಆ ದಿನ ಅಂದರೆ, ಹತ್ತನೇ ಕ್ಲಾಸು ಪಾಸಾದ ಮೇಲೆ. ಇಂಗ್ಲಿಷಿನಲ್ಲೂ ಪಾಸಾಗಿದ್ದೆ. ಚಿಂತಾಮಣಿಯ ಕಾಲೇಜಿಗೆ ಸೇರಿ ಸೈನ್ಸ್ ಓದಬೇಕು, ನರ್ಸ್ ಆಗಬೇಕು ಅಂತ ಆಸೆ ಕಟ್ಟಿಕೊಂಡಿದ್ದೆ. ಅಪ್ಪ ಬೇಡ ಅನ್ನಲಿಲ್ಲ. ಆದರೆ ನಮ್ಮ ಕಡೆ ಮಕ್ಕಳನ್ನು ಮುಂದಕ್ಕೆ ಓದಿಸಬೇಕೋ ಬೇಡವೋ ಎಂಬುದನ್ನು ಮೇಷ್ಟ್ರನ್ನು ಕೇಳದೆ ಯಾರೂ ನಿರ್ಧಾರ ಮಾಡುತ್ತಿರಲಿಲ್ಲ. ಅಪ್ಪ ಒಗೆದ ಪಂಚೆ ಉಟ್ಟು, ಒಂದು ಕುಕ್ಕೆ ಟೊಮೆಟೊ ಹೊತ್ತು, ನನ್ನನ್ನೂ ಕರೆದುಕೊಂಡು ಸ್ಕೂಲಿಗೆ ಹೋದ. ಸಾರ್ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ನಮ್ಮ ನಾರಾಯಣಮ್ಮನನ್ನು ಕಾಲೇಜಿಗೆ ಹಾಕೋಣವಾ ಎಂದು ಅಪ್ಪ ಕೇಳಿದ. ನಾನು ಕಂಬದ ಹಿಂದೆ ನಿಂತಿದ್ದೆ.

ಪೇಪರಿನಿಂದ ತಲೆ ಎತ್ತದೆ ಅವರು ಕೇಳಿದರು. "ಯಾವ ನಾರಾಯಣಮ್ಮ?"

ಅಪ್ಪ ಕೈ ಮುಗಿದ. ಆ ಮುಖದಲ್ಲಿ ಎಂಥ ಹೆಮ್ಮೆ ಇತ್ತು, ದೇವರೇ. "ಡಲ್ ನಾರಾಯಣಮ್ಮ ಸಾರ್, ನಮ್ ಹುಡುಗಿ. ನೀವೇ ಇಟ್ಟಿದ್ದು."

ಸಾರ್ ಈಗ ತಲೆ ಎತ್ತಿದರು. ಒಂದು ಕ್ಷಣ ಲವಂಗ ಅಗಿಯುವುದು ನಿಂತಿತು. ಅಪ್ಪನಿಗೆ ಅರ್ಥ ಗೊತ್ತಿಲ್ಲ ಅಂತ ಅವರಿಗೆ ಗೊತ್ತಾಯಿತು. ನನ್ನ ಕಡೆಗೂ ನೋಡಿದರು. ಆಗಲಾದರೂ ಒಂದು ಮಾತು ಹೇಳಬಹುದಿತ್ತು. ಅದು ತಮಾಷೆಗೆ ಅಂದಿದ್ದು, ಹುಡುಗಿ ಪಾಸಾಗಿದ್ದಾಳೆ, ಕಳಿಸಿ ಅನ್ನಬಹುದಿತ್ತು. ನಕ್ಕುಬಿಟ್ಟರು.

"ನೀವೇ ಹೇಳ್ತಿದ್ದೀರಲ್ಲಪ್ಪಾ, ಇನ್ನು ನಾನೇನು ಹೇಳ್ಲಿ. ಟೈಲರಿಂಗ್ ಕಲ್ಸಿ, ಬದುಕ್ಕೊಂತಾಳೆ."

ಅಪ್ಪ ಟೊಮೆಟೊ ಇಳಿಸಿ, ಮತ್ತೆ ಕೈ ಮುಗಿದು ಬಂದ. ದಾರಿಯಲ್ಲಿ, ಸಾರ್ ಎಷ್ಟು ಒಳ್ಳೆಯವರು, ನಗುನಗುತ್ತಾ ಮಾತಾಡಿಸಿದರು ಅಂದ. ಮಾರನೇ ವಾರ ನನ್ನನ್ನು ಹೊಲಿಗೆ ಕ್ಲಾಸಿಗೆ ಸೇರಿಸಿದ. ಅಪ್ಪನಿಗೆ ನಾನು ಆ ಪದದ ಅರ್ಥ ಹೇಳಲಿಲ್ಲ. ಹೇಗೆ ಹೇಳುವುದು? ಮಗಳ ಓದಿನ ಬಾಗಿಲು ಮುಚ್ಚಿದ್ದು ತಾನೇ ಅಂತ ಗೊತ್ತಾದರೆ ಆ ಮನುಷ್ಯ ಅನ್ನ ಮುಟ್ಟುತ್ತಿರಲಿಲ್ಲ. ತೀರಿಕೊಳ್ಳುವವರೆಗೂ ಅದು ಇಂಟಿಪೇರು ಅಂತಲೇ ಅಂದುಕೊಂಡಿದ್ದ.

ಈಗ ಚಿಂತಾಮಣಿಯಲ್ಲಿ ನನ್ನದೇ ಹೊಲಿಗೆ ಅಂಗಡಿ. ಊಟಕ್ಕೆ ಕೊರತೆ ಇಲ್ಲ, ಸಾರ್ ಮಾತು ಸುಳ್ಳಾಗಲಿಲ್ಲ. ಆಸ್ಪತ್ರೆಗೆ ಹೋದಾಗ ಮಾತ್ರ ಬಿಳಿ ಬಟ್ಟೆ ಹಾಕಿಕೊಂಡ ಹುಡುಗಿಯರನ್ನು ಕಂಡರೆ ಹೊಟ್ಟೆಯೊಳಗೆ ಬೆಂಕಿ ಬೀಳುತ್ತದೆ. ಒಂದಲ್ಲ ಒಂದು ದಿನ ಆ ಮನುಷ್ಯನ ಎದುರಿಗೆ ನಿಂತು, ಯಾಕೆ ಸಾರ್ ನಕ್ಕಿರಿ ಅಂತ ಕೇಳಬೇಕು ಅಂದುಕೊಂಡೇ ಇದ್ದೆ. ಇದೇ ಊರಿನಲ್ಲಿದ್ದರು. ನಾಳೆ, ನಾಡಿದ್ದು ಅಂತ...

ಲವಂಗ ಕಚ್ಚಿ ಕೂತಿದ್ದ ಆ ಮಧ್ಯಾಹ್ನವೇ ಹಳೇ ಕ್ಲಾಸಿನವರ ವಾಟ್ಸಾಪ್ ಗುಂಪಿನಲ್ಲಿ ಸಾರ್ ಫೋಟೋ ಬಂತು, ಹಾರ ಹಾಕಿದ್ದು. ಕೇಳಬೇಕಾದವರು ಹೋಗಿಬಿಟ್ಟಿದ್ದರು. ಸಿಟ್ಟು ಮಾಡಿಕೊಳ್ಳಲೂ ಇನ್ನು ಯಾರೂ ಇಲ್ಲ ಅನ್ನಿಸಿ ಅಳು ಬಂತು, ಅದು ಯಾರಿಗಾಗಿ ಅಂತ ನನಗೇ ತಿಳಿಯಲಿಲ್ಲ. ಎಲ್ಲರೂ ಬರೆಯುತ್ತಿದ್ದರು. ನಾನೂ 'ಸಾರ್ ಆತ್ಮಕ್ಕೆ ಶಾಂತಿ ಸಿಗಲಿ, ನಾರಾಯಣಮ್ಮ' ಎಂದು ಹಾಕಿದೆ.

ಯಾವ ನಾರಾಯಣಮ್ಮ ಅಂತ ಯಾರೋ ಕೇಳಿದರು. ನಾನು ಸೂಜಿ ಕೆಳಗಿಟ್ಟು ಫೋನು ಎತ್ತಿಕೊಳ್ಳುವಷ್ಟರಲ್ಲಿ ಮೂರು ಜನ ಉತ್ತರ ಬರೆದಾಗಿತ್ತು.