ಬೀಗ ಹಾಕಿದ ಕಪಾಟು, ಬೈಗುಳ ತಿಂದ ಚೆನ್ನು

ಇಲಿಗೆ ಚೆಲ್ಲಾಟ, ಚೆನ್ನುವಿಗೆ ಪ್ರಾಣಸಂಕಟ! ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಇಲ್ಲಿ ಗಾದೆ ಕೆಟ್ಟಿದೆ, ಕಥೆ ಮಾತ್ರ ಅಪ್ಪಟ ನಿಜ.

ಮೆಲ್ಬರ್ನಿನ ಪಶ್ಚಿಮ ಅಂಚಿನ ವೆರಿಬೀಯಲ್ಲಿ 2007ರ ಜುಲೈ ತಿಂಗಳ ನಸುಕು. ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಹಿಮ. ಚಳಿಗಾಲ ಕಳೆಯಲೆಂದು ಯಾರ್ಡಿನಲ್ಲಿ ಬಿಟ್ಟುಹೋದ ಕ್ಯಾಂಪರುಗಳು, ಅಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಮನೆಗಳು, ಸಾಲಾಗಿ ನಿಂತಿವೆ. ಚೆನ್ನು ಪೊರಕೆಯ ಹಿಡಿಯಿಂದ ಒಂದೊಂದರ ಹೊದಿಕೆಯನ್ನೂ ತಿವಿದು, ನಿಂತ ನೀರು ಕೆಡವುತ್ತಿದ್ದಾರೆ. ಅರ್ಧ ನೀರು ಅವರ ತೋಳಿನೊಳಕ್ಕೇ ಇಳಿಯುತ್ತದೆ.

"ಬೇಸಿಗೆಯಲ್ಲಿ ಸಮುದ್ರ ಅವ್ರಿಗೆ, ಚಳಿಯಲ್ಲಿ ಸ್ನಾನ ನನಗೆ" ಎಂದು ಗೊಣಗುತ್ತಾರೆ.

ಬಂಟ್ವಾಳದ ಕಡೆಯವರು. ಗಂಡ ಸೇಸಪ್ಪ ಹೋಟೆಲಿನಲ್ಲಿ ಅಡುಗೆಯವರು. ಅರವತ್ತು ಚಿಲ್ಲರೆ ಕ್ಯಾಂಪರುಗಳಿಗೆ ಚೆನ್ನು ಒಬ್ಬರೇ ದಿಕ್ಕು. ಬೂಷ್ಟು ಹಿಡಿಯದಂತೆ ಹಾಸಿಗೆ ಎತ್ತಿ ನಿಲ್ಲಿಸಬೇಕು. ಫ್ರಿಜ್ಜಿನ ಬಾಗಿಲಿಗೆ ಬಟ್ಟೆ ಸಿಕ್ಕಿಸಿ ಅರೆ ತೆರೆದಿಡಬೇಕು. ಪೈಪು ಹಾಯುವ ಸಂದಿಗೆಲ್ಲ ಇಲಿ ಕಡಿಯಲಾಗದ ಸ್ಟೀಲಿನ ನಾರು ತುರುಕಬೇಕು. ಜನ ಸುತ್ತಿಟ್ಟು ಹೋದ ಟಾರ್ಪಾಲು ಬಿಚ್ಚಿ, ಗಾಳಿಯಾಡುವ ಹೊದಿಕೆ ಹಾಕಬೇಕು. "ಟಾರ್ಪಾಲಿನ ಒಳಗೆ ಅದು ಬೆವರ್ತದೆ ಮಾರಾಯ್ರೆ, ಮದುವೆ ಮನೆ ಭಟ್ರ ಹಾಗೆ!"

ಇಷ್ಟಕ್ಕೆ ಸಿಗುವ ಮರ್ಯಾದೆ? ಬೂಷ್ಟು ಬಾರದಿದ್ದರೆ ಕ್ಯಾಂಪರ್ ಒಳ್ಳೆಯದು. ಬಂದರೆ ಕ್ಲೀನರ್ ಕೆಟ್ಟವಳು.

ಈ ಸಲ ಗ್ರಹಚಾರ ಬಂದದ್ದು ಯೋಗೀಶನ ಕ್ಯಾಂಪರಿನಿಂದ. ಬೆಂಗಳೂರಿನ ಐಟಿ ಮನುಷ್ಯ. ಕೆಲಸ ಮೆಲ್ಬರ್ನಿನಿಂದ ಸಿಡ್ನಿಗೆ ವರ್ಗವಾದಾಗ ಅಲ್ಲಿನ ಬ್ಲ್ಯಾಕ್‌ಟೌನಿನ ಬಾಡಿಗೆ ಮನೆಯಲ್ಲಿ ಜಾಗವಿಲ್ಲವೆಂದು ಕ್ಯಾಂಪರನ್ನು ಇಲ್ಲೇ ಬಿಟ್ಟ. ಅದರೊಳಗಿಂದ ನಾತ ಹೊರಟಿತು. ಒಳಗಿನ ಕಪಾಟಿಗೆ ಅವನದೇ ಬೀಗ. ಗಿರಾಕಿಯ ಬೀಗ ಮುಟ್ಟಬಾರದೆಂಬುದು ಯಾರ್ಡಿನ ನಿಯಮ. ಬಂದು ತೆಗೆಯಿರಿ ಎಂದು ಚೆನ್ನು ಫೋನ್ ಮಾಡಿದರೆ ಸಿಕ್ಕಿದ ಉತ್ತರ: "ರೀ ಆಂಟಿ, ನಂಗೆ ಟೈಮಿಲ್ಲ. ನೀವೇ ಬಾಗಿಲು ತೆಗೆದಿಟ್ಟು ಇಲಿ ಬಿಟ್ಕೊಂಡಿದ್ದೀರ." ಆಂಟಿ ಎಂದವನ ನೆತ್ತಿಯಲ್ಲಿ ಆಂಟಿಗಿಂತ ಕಡಿಮೆ ಕೂದಲು! ಸಾಲದ್ದಕ್ಕೆ ಯಾರ್ಡಿನ ಒಡತಿ ಶೆರಿಲ್‌ಗೂ ದೂರು ಕೊಟ್ಟ. ಆಕೆ ಹೇಳಿಬಿಟ್ಟಳು: ಶನಿವಾರದೊಳಗೆ ನಾತದ ಮೂಲ ಹುಡುಕು, ಇಲ್ಲವೇ ಸೋಮವಾರ ಬರಬೇಡ.

ಚೆನ್ನುವಿಗೆ ಇನ್ನೊಂದು ವಿದ್ಯೆ ಉಂಟು. ಸಿಗರೇಟು ಸೇದಿ ಸೇದಿ ಒರಟಾದ ಶೆರಿಲ್‌ಳ ದನಿಯನ್ನು ಅವರು ಕೆಮ್ಮಿನ ಸಮೇತ ಅಣಕಿಸುತ್ತಾರೆ. ಯಾರ್ಡಿನ ಫೋನಿನಿಂದಲೇ, ಶೆರಿಲ್ ಎಲ್ಲರಿಗೂ ಹೇಳುವ ನಮಸ್ಕಾರದೊಂದಿಗೆ, ಯೋಗೀಶನಿಗೆ ಕರೆ ಹೋಯಿತು: "ಗುಡ್ಡೇ ಲವ್! ಖೊಖ್ಖೊಖ್... ನಿನ್ನ ಕ್ಯಾಂಪರ್ ಕೊಳ್ಳಲು ಪಾರ್ಟಿ ಬಂದಿದೆ. ಒಳ್ಳೆ ರೇಟು. ಶನಿವಾರ ಕಪಾಟಿನ ಕೀ ತಗೊಂಡು ಬಾ."

ನಾತಕ್ಕೆ ಬಾರದವನು ರೇಟಿಗೆ ಬಂದ! ಶನಿವಾರ ಮೊದಲ ವಿಮಾನದಲ್ಲೇ, ಕೋಟು ತೊಟ್ಟು.

"ಪಾರ್ಟಿ ಎಲ್ಲಿ?"

"ಒಳಗೇ ಉಂಟು" ಎಂದರು ಚೆನ್ನು. "ಕಪಾಟು ತೆಗೀರಿ."

ತೆಗೆದರೆ ಏನಿದೆ! ಗಣಪತಿಯ ಫೋಟೋ, ಬಾಡಿ ಕಪ್ಪಾದ ಹೂವು, ಮುಚ್ಚಳವಿಲ್ಲದ ಬಟ್ಟಲಲ್ಲಿ ಅಳಿದುಳಿದ ಪಂಚಕಜ್ಜಾಯ. ಹಿಂದೆ ಪೈಪಿನ ಸಂದಿ. ಇಡೀ ಕ್ಯಾಂಪರಿನಲ್ಲಿ ಚೆನ್ನುವಿನ ಕೈಗೆ ಎಟುಕದ್ದು ಅದೊಂದೇ. ಯೋಗೀಶನ ಹೆಂಡತಿ ಜಯಾ ದೇವರಿಗೆ ಇಟ್ಟಿದ್ದ ರೇಷ್ಮೆಯ ರವಿಕೆ ಕಣವನ್ನು ಚಿಂದಿ ಮಾಡಿ ಹಾಸಿಕೊಂಡು ಇಲಿ ಬಾಣಂತನ ಮಾಡಿಸಿಕೊಳ್ಳುತ್ತಿದೆ. ಊರು ಬಿಡುವ ಮುನ್ನ ಗಾಡಿಗೆ ಕೇಡಾಗದಿರಲಿ ಎಂದು ಪೂಜೆ ಮಾಡಿ, ಪ್ರಸಾದವನ್ನು ಒಳಗೇ ಬಿಟ್ಟು ಬೀಗ ಜಡಿದಿದ್ದರು.

"ವಾಹನ ಪೂಜೆ ಮಾಡಿದ್ದು ನೀವೇ ಅಲ್ವಾ?" ಚೆನ್ನು ಕೇಳಿದರು. "ಗಣಪತಿಯ ವಾಹನ ಬಂದು ಪ್ರಸಾದ ತಗೊಂಡಿದೆ. ಬೈಗುಳ ಮಾತ್ರ ನನಗೆ ಎಂತಕ್ಕೆ?"

ಅಷ್ಟರಲ್ಲಿ ಶೆರಿಲ್ ಬಂದಳು. ಯೋಗೀಶ ತಲೆ ತಗ್ಗಿಸಿ ಒಪ್ಪಿಕೊಂಡ: "ತಪ್ಪು ನಮ್ಮದೇ. ಇವರದಲ್ಲ." ಕೂಡಲೇ ನೆನಪಾಗಿ ಕೇಳಿದ: "ಮತ್ತೆ ಪಾರ್ಟಿ ಬಂದಿದೆ ಅಂತ ನೀವು ಫೋನ್ ಮಾಡಿದ್ರಲ್ಲ?"

"ನಾನೆಲ್ಲಿ ಮಾಡಿದೆ?" ಎಂದಳು ಶೆರಿಲ್.

ಈಗ ಚೆನ್ನುವಿನ ಆಸೆ ದೊಡ್ಡದೇನಲ್ಲ. "ಸೋಮವಾರ ಬರ್ತೇನೆ. ಆದ್ರೆ ಕ್ಲೀನರ್ ಅಲ್ಲ, ಆಂಟಿಯೂ ಅಲ್ಲ, ಚೆನ್ನು ಅಂತ ಕರೀರಿ" ಎಂದವರೇ, ಗಂಟಲು ಕೆರೆದುಕೊಂಡು ಒಡತಿಯ ಎದುರೇ ಶುರು ಮಾಡಿದರು: "ಗುಡ್ಡೇ ಲವ್! ಖೊಖ್ಖೊಖ್..."

ಶೆರಿಲ್ ನಕ್ಕ ರಭಸಕ್ಕೆ ಬಾಯಿಂದ ಸಿಗರೇಟು ಬಿತ್ತು. ನಗೆಯಲ್ಲಿ ಅವಳನ್ನೂ ಮೀರಿಸಿದವನು ಯೋಗೀಶ. ಟಿಕೆಟ್ಟಿನ ದುಡ್ಡು ಹೋಯಿತೆಂಬುದನ್ನೂ ಮರೆತು, ಕೋಟಿನ ತೋಳಲ್ಲಿ ಕಣ್ಣೊರೆಸುತ್ತ ನಗುತ್ತಲೇ ಇದ್ದ, ಇಲಿಮರಿಗಳು ಬೆಚ್ಚಿ ಕಣದೊಳಕ್ಕೆ ನುಸುಳುವಷ್ಟು ಜೋರಾಗಿ.