ಟಿವಿಯಲ್ಲಿ ಕಂಡ ಹೊಗೆ

ನಮ್ಮ ಕಿಸುಮು ಊರಿನ ಸಂತೆಯಲ್ಲಿ ಆವಿನೊ ಇಪ್ಪತ್ತು ವರ್ಷದಿಂದ ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರುತ್ತಾಳೆ. ಮತದಾನದ ಮರುದಿನ ವಿದೇಶಿ ಟಿವಿಯವರು ಬಂದು, ಯಾರನ್ನೂ ಮಾತನಾಡಿಸದೆ, ದೂರದಿಂದಲೇ ಚಿತ್ರ ತೆಗೆದುಕೊಂಡು ಹೋದರು. ಮಧ್ಯಾಹ್ನ ಲಂಡನ್ನಿನಿಂದ ಅವಳ ತಂಗಿ ಅಮೊಂಡಿ ಅಳುತ್ತಾ ಫೋನ್ ಮಾಡಿದಳು.

"ಅಕ್ಕಾ, ಹುಷಾರಾಗಿದ್ದೀಯಾ? ಗಲಾಟೇಲಿ ನಿಮ್ಮ ಸಂತೆ ಉರೀತಿದೆ ಅಂತ ತೋರಿಸ್ತಿದಾರೆ!"

"ಇಲ್ಲಿ ಎಲ್ಲಾ ತಣ್ಣಗಿದೆಯಲ್ಲೇ! ಹೊಗೆ ಪಕ್ಕ ಏನು ಕಾಣ್ತಿದೆ?"

"ನೀಲಿ ತಗಡು. ಅದರ ಮೇಲೆ ಹುಂಜದ ಚಿತ್ರ."

"ಅಯ್ಯೋ ಹುಚ್ಚಿ, ಅದು ನನ್ನ ಒಲೆ ಕಣೇ! ಅಲ್ಲಿರೋದು ಬರೀ ಮೀನು!"

ಅಮೊಂಡಿ ಅಳುತ್ತಲೇ ನಕ್ಕಳು. ಆವಿನೊ ಫೋನನ್ನು ಮೇಲೆತ್ತಿ ಸಂತೆಯ ಎಂದಿನ ವ್ಯಾಪಾರದ ಗದ್ದಲ ಕೇಳಿಸಿದಳು. ಹಿಂದೊಮ್ಮೆ ಚುನಾವಣೆಯ ಗಲಭೆ ಕಂಡಿದ್ದ ಅವಳಿಗೂ ವಾರದಿಂದ ನಿದ್ದೆಯಿರಲಿಲ್ಲ. ಆ ಗದ್ದಲವನ್ನು ತಾನೂ ಕೇಳುತ್ತಾ ನಿಂತವಳಿಗೆ ಎದೆ ಹಗುರವಾಯಿತು.