ಎಳೆಬಿಸಿಲಿನ ಫೋಟೋ ಕೇಳುವ ಪಕ್ಕೀರವ್ವ

ಇರಕಲ್ಲಗಡದಲ್ಲಿ ಹೊತ್ತು ಮೂಡುವಷ್ಟರಲ್ಲಿ ಪಕ್ಕೀರವ್ವ ಅಂಗಳ ಗುಡಿಸಿ, ನೀರು ಚಿಮುಕಿಸಿ, ಕಟ್ಟೆಯ ಮೇಲೆ ಕೂತಾಗಿದೆ. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಮೊಬೈಲು. ಎಂಟಕ್ಕೆ ಮೆಣಸಿನಕಾಯಿ ಹೊಲದ ಕೂಲಿಗೆ ಹೋಗಬೇಕು. ಅಷ್ಟರೊಳಗೆ ಬಂದ ಫೋಟೋಗಳನ್ನೆಲ್ಲ ನೋಡಿ ಮುಗಿಸಬೇಕು. ಅವೆಲ್ಲ ಹಳೆಯ ಬೆಳ್ಳಿ ರೂಪಾಯಿಗಳ ಫೋಟೋಗಳು.

ಇವತ್ತಿನ ಮೊದಲ ಫೋಟೋ ಕುಷ್ಟಗಿಯ ವಿರೂಪಾಕ್ಷಮ್ಮನವರದು. ನಿಜಾಮರ ಕಾಲದ ಚಾರ್ಮಿನಾರದ ರೂಪಾಯಿ. ಮಗಳು ಸುರೇಖಾಳ ಕೂಸಿಗೆ ಬೆಳ್ಳಿ ಉಡದಾರ ಮಾಡಿಸಬೇಕಾಗಿದೆ, ಬೆಳ್ಳಿ ಸ್ವಲ್ಪ ಕಡಿಮೆ ಬಿದ್ದಿದೆ. ಈ ರೂಪಾಯಿಯನ್ನೂ ಕರಗಿಸಿದರೆ ಸರಿಹೋಗುತ್ತದೆ. ಅಕ್ಕಸಾಲಿಗ ಪತ್ತಾರ ಒಂಬತ್ತಕ್ಕೆ ಒಲೆ ಹೊತ್ತಿಸುತ್ತಾನೆ. ಅದಕ್ಕೂ ಮೊದಲು, ಇದು ಕರಗಿಸುವಂಥದ್ದೋ ಇಟ್ಟುಕೊಳ್ಳುವಂಥದ್ದೋ ಹೇಳಬೇಕಂತೆ.

ಪಕ್ಕೀರವ್ವ ಫೋಟೋ ದೊಡ್ಡದು ಮಾಡಿ ನೋಡುತ್ತಾರೆ. ಬರೀ ಬೆಳ್ಳಗೆ ಹೊಳೆಯುತ್ತಿದೆ. ಓದು ಬರಹ ಬಾರದ ಅವರು ಗುಂಡಿ ಒತ್ತಿ ಹಿಡಿದು ಮಾತಾಡಿ ಕಳಿಸುತ್ತಾರೆ:

“ಅಕ್ಕಾರ, ಫೋನಿನ ಲೈಟ್ ಹೊಡದು ತಗದೀರಿ, ಏನೂ ಕಾಣವಲ್ದು. ಹೊರಗ ಬಿಸಲಿಗೆ ತರ್ರಿ, ಕಂಬಳಿ ಮ್ಯಾಲ ಇಡ್ರಿ. ಎರಡೂ ಮಗ್ಗಲಾ ತಗೀರಿ, ಅಂಚಿಂದೂ ಒಂದು ಇರ್ಲಿ. ತೊಳೀಬ್ಯಾಡ್ರಿ ಮತ್ತ.”

ಬಿಸಿಲು ನೆತ್ತಿಗೆ ಬಂದರೆ ಉಪಯೋಗವಿಲ್ಲ. ಎಳೆಬಿಸಿಲು ಓರೆಯಾಗಿ ಬೀಳುತ್ತದೆ, ನಾಣ್ಯದ ಒಂದೊಂದು ಗೆರೆಗೂ ನೆರಳು ಕೊಡುತ್ತದೆ. ನೆರಳು ಇದ್ದಲ್ಲಿ ಅಚ್ಚು ಉಳಿದಿದೆ, ಇಲ್ಲದಲ್ಲಿ ಸವೆದಿದೆ. ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ.

ಅರವತ್ತನಾಲ್ಕರ ಪಕ್ಕೀರವ್ವ ಕೊಪ್ಪಳದ ಒಂದು ಬೆಳ್ಳಿ ಅಂಗಡಿಯ ಹಿತ್ತಲಲ್ಲಿ ಮೂವತ್ತೊಂದು ವರ್ಷ ಬೆಳ್ಳಿ ತೊಳೆದವರು. ಗಂಡ ತೀರಿಕೊಂಡಾಗ ಸೊಂಟದ ಮೇಲೊಂದು ಕೂಸು, ಕೈಹಿಡಿದದ್ದೊಂದು. ದಿನಾ ಬಸ್ಸಿನಲ್ಲಿ ಹೋಗಿ ಬಂದು ಮಾಡಿದ ಕೆಲಸ. ಚೈನು, ಕಡಗ, ಬಟ್ಟಲು, ರೂಪಾಯಿ, ಏನೇ ಬರಲಿ, ಮೊದಲು ಹುಣಸೆಹಣ್ಣು, ಆಮೇಲೆ ಅಂಟವಾಳದ ನೊರೆ, ಕೊನೆಗೆ ಬ್ರಶ್ಶು. ದಿನಕ್ಕೆ ಅರವತ್ತು ಎಪ್ಪತ್ತು ಸಾಮಾನು. ಬೆರಳ ತುದಿ ಎಷ್ಟು ನುಣ್ಣಗಾಗಿದೆಯೆಂದರೆ ರೇಷನ್ ಅಂಗಡಿಯ ಯಂತ್ರ ಇವರ ಹೆಬ್ಬೆಟ್ಟನ್ನು ಹಿಡಿಯುವುದಿಲ್ಲ. ಪ್ರತಿ ತಿಂಗಳೂ ಅದೇ ಜಗಳ. “ನೀ ಪಕ್ಕೀರವ್ವ ಹೌದೋ ಅಲ್ಲೋ ಅಂತ ಮಷೀನ್ ಕೇಳ್ತೈತ್ರಿ” ಎಂದು ನಗುತ್ತಾರೆ.

ಚಾರ್ಮಿನಾರದ ರೂಪಾಯಿಗೆ ಈ ಸೀಮೆಯ ಹಿರಿಯರು ಹಾಲಿ ಸಿಕ್ಕಾ ಅನ್ನುತ್ತಿದ್ದರು. ಅದನ್ನೇ ಎಣಿಸಿಕೊಟ್ಟು ಎತ್ತು ತಂದವರ ಮಾತು ಕೇಳಿದ ಕಿವಿಗಳು ಇಲ್ಲಿ ಇನ್ನೂ ಇವೆ. ಆ ರೂಪಾಯಿಗಳು ಈಗ ದೇವರ ಜಗಲಿಯಲ್ಲಿವೆ, ಟ್ರಂಕಿನ ತಳದಲ್ಲಿವೆ. ಅಚ್ಚು ಉಳಿದದ್ದಾದರೆ ಹಳೆಯ ನಾಣ್ಯ ಕೂಡಿಡುವವರು ಹುಡುಕಿಕೊಂಡು ಬರುತ್ತಾರೆ. ಉಳಿಯದಿದ್ದರೆ ಅದು ಬರೀ ಬೆಳ್ಳಿ. ನೂರಾರು ಮನೆಗಳ ರೂಪಾಯಿಯ ಕೊಳೆಯ ಜೊತೆ ಅಚ್ಚನ್ನೂ ತಿಕ್ಕಿ ತೆಗೆದದ್ದು ತಾನೇ ಎಂಬುದು ಪಕ್ಕೀರವ್ವನಿಗೆ ಅಂಗಡಿ ಮುಚ್ಚಿದ ಮೇಲೆ ತಿಳಿಯಿತು. ಹಳೆಯ ಗಿರಾಕಿಗಳು ರೂಪಾಯಿ ತೋರಿಸಿ ಕೇಳತೊಡಗಿದರು, ಇವರು ಹೇಳತೊಡಗಿದರು. ಈಗ ಗಂಗಾವತಿ, ಯಲಬುರ್ಗಾ ಕಡೆಯಿಂದಲೂ ದಿನಕ್ಕೆ ಹತ್ತು ಫೋಟೋ ಬರುತ್ತವೆ, ದೀಪಾವಳಿಯ ಮುಂದೆ ನಲವತ್ತು. ಇಷ್ಟೇ ಕೊಡಿ ಎಂದು ಕೇಳುವುದಿಲ್ಲ, ಕೊಟ್ಟರೆ ಬೇಡ ಅನ್ನುವುದೂ ಇಲ್ಲ.

ಇದರಲ್ಲಿ ಒಂದು ತಪ್ಪೂ ಆಗಿದೆ. ಅದನ್ನು ಅವರು ಮುಚ್ಚಿಡುವುದಿಲ್ಲ. ನಾಲ್ಕು ವರ್ಷದ ಹಿಂದೆ ಯಲಬುರ್ಗಾದ ಅನ್ನಮ್ಮ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಒಂದೇ ಫೋಟೋ ಕಳಿಸಿದ್ದರು. ಗೆರೆಯೇ ಕಾಣಲಿಲ್ಲ. ಸವೆದಿದೆ, ಕರಗಿಸಿರಿ ಎಂದುಬಿಟ್ಟರು. ಕರಗಿತು. ಎಂಟು ದಿನಕ್ಕೆ ಅದೇ ರೂಪಾಯಿಯ ಇನ್ನೊಂದು ಫೋಟೋ ಬಂತು, ನೆರೆಮನೆಯವರು ಹಿಂದೊಮ್ಮೆ ಬಿಸಿಲಲ್ಲಿ ತೆಗೆದದ್ದು. ನಾಲ್ಕೂ ಮಿನಾರು, ನಡುಬಾಗಿಲೊಳಗಿನ ಪುಟ್ಟ ಅಕ್ಷರ, ಎಲ್ಲ ಕೆತ್ತಿಟ್ಟ ಹಾಗೆ ಇದ್ದವು. ಪಕ್ಕೀರವ್ವ ಆ ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಹೋಗಿ, ನನ್ನದೇ ತಪ್ಪು ಎಂದು ಹೇಳಿ ಬಂದರು. ಅನ್ನಮ್ಮ ಚಹಾ ಕೊಟ್ಟು, ಇಷ್ಟು ಮಾತ್ರ ಅಂದರಂತೆ:

“ಹೇಳಾಕ ಬಸ್ಸು ಹತ್ತಿ ಬಂದಿ. ನೋಡಾಕ ಬಂದಿದ್ರ ಛಲೋ ಇತ್ತು ನೋಡವ್ವ.”

ಅವತ್ತಿನಿಂದ ‘ಕರಗಿಸ್ರಿ’ ಎಂಬ ಮಾತು ಅವರ ಬಾಯಿಂದ ಬಂದಿರಲಿಲ್ಲ. ಎಂಥ ರೂಪಾಯಿ ಬಂದರೂ ‘ಇಟ್ಕೋರಿ’. ಸವೆದು ತಗಡಾದದ್ದಕ್ಕೂ ‘ಇಟ್ಕೋರಿ’. ಜನಕ್ಕೆ ಇದು ತಿಳಿಯದೆ ಹೋಗಲಿಲ್ಲ. ಓಣಿಯ ಉಮರಸಾಬ ಒಮ್ಮೆ ಚಹಾದಂಗಡಿಯಲ್ಲಿ ಬೀರುಬಾಟಲಿಯ ಮುಚ್ಚಳ ತೋರಿಸಿ, “ಪಕ್ಕೀರವ್ವಕ್ಕ, ಇದೂ ಇಟ್ಕೊಳ್ಳೋದೇನು?” ಎಂದು ಕೇಳಿದ. ಎಲ್ಲರೂ ನಕ್ಕರು. ಪಕ್ಕೀರವ್ವನೂ ನಕ್ಕರು. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲವಂತೆ. ಎಲ್ಲದಕ್ಕೂ ಒಂದೇ ಮಾತು ಹೇಳುವವಳನ್ನು ಯಾರಾದರೂ ಯಾಕೆ ಕೇಳಬೇಕು?

ಮೊಬೈಲು ಸದ್ದು ಮಾಡುತ್ತದೆ. ಕುಷ್ಟಗಿಯಿಂದ ಮೂರು ಫೋಟೋ. ಕರಿಕಂಬಳಿ, ಓರೆ ಬಿಸಿಲು. ಪಕ್ಕೀರವ್ವ ಒಂದೊಂದನ್ನೂ ಬೆರಳಲ್ಲಿ ಸರಿಸಿ ಸರಿಸಿ ನೋಡುತ್ತಾರೆ. ಚಹಾ ತಣ್ಣಗಾಗುತ್ತದೆ. ಚಾರ್ಮಿನಾರದ ಮಗ್ಗುಲು ಪೂರ್ತಿ ಸವೆದಿದೆ, ಹಿಂದಿನ ಬರಹದ ಮಗ್ಗುಲಲ್ಲಿ ಮಾತ್ರ ಅಕ್ಷರ ಅಷ್ಟಿಷ್ಟು ಉಳಿದಿದೆ. ಸಂತೆಯಲ್ಲಿ ಕೈಬದಲಾದ ರೂಪಾಯಿಯಾದರೆ ಎರಡೂ ಕಡೆ ಸವೆಯಬೇಕು. ಅಂಚಿನ ಫೋಟೋದಲ್ಲಿ ಮೇಲ್ಗಡೆ ಒಂದಿಷ್ಟು ಉಬ್ಬು. ಅಲ್ಲಿ ಹಿಂದೊಮ್ಮೆ ಕೊಂಡಿ ಬೆಸೆದಿದ್ದರು, ಕೊರಳ ಸರದಲ್ಲಿತ್ತು. ಆಮೇಲೆ ಕಿತ್ತು ಅರ ಹಾಕಿ ಉಜ್ಜಿದ್ದಾರೆ.

ಗುಂಡಿ ಒತ್ತುತ್ತಾರೆ, ಬಿಡುತ್ತಾರೆ. ಮತ್ತೆ ಅಂಚು ನೋಡುತ್ತಾರೆ. ಮತ್ತೆ ಒತ್ತುತ್ತಾರೆ.

“ಅಕ್ಕಾರ, ಇದು ಮೊದಲ ಯಾರದೋ ಸರದಾಗಿತ್ತು. ಆಮ್ಯಾಲ ನಿಮ್ಮ ಜಗಲಿಗೆ ಬಂದೈತಿ. ಚಾರ್ಮಿನಾರ ಮ್ಯಾಲ ಮಾಡಿ ಇಟ್ಟು, ಭಾಳ ವರ್ಷ ಕುಂಕುಮ ಹಚ್ಚಿ ಹಚ್ಚಿ ತೊಳದಾರ. ಕೂಡಿಡಾವ್ರು ಇದನ್ನ ಕೇಳಂಗಿಲ್ರಿ.” ಉಸಿರು ಎಳೆದುಕೊಳ್ಳುತ್ತಾರೆ. “ಕರಗಿಸ್ರಿ.”

ಸ್ವಲ್ಪ ಹೊತ್ತಿನ ಮೇಲೆ ವಿರೂಪಾಕ್ಷಮ್ಮನವರ ದನಿ ಬರುತ್ತದೆ. ಹೌದು, ಅತ್ತೆಯವರು ಪ್ರತಿ ಶುಕ್ರವಾರ ಹಚ್ಚುತ್ತಿದ್ದರು, ಕೊಂಡಿಯ ಸುದ್ದಿ ಮಾತ್ರ ತಮಗೆ ಗೊತ್ತೇ ಇರಲಿಲ್ಲ ಎನ್ನುತ್ತಾರೆ. “ಅವರ ಕೈ ಮುಟ್ಟಿದ ಬೆಳ್ಳಿ ಕೂಸಿನ ನಡಕ್ಕ ಬರ್ಲಿ ಬಿಡು ಪಕ್ಕೀರವ್ವ. ಪತ್ತಾರಗ ಕೊಡ್ತೀನಿ.”

ಪಕ್ಕೀರವ್ವ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಏಳುತ್ತಾರೆ. ಕೂಲಿಯವರ ಟಂಟಂ ಆಟೋ ಬೇವಿನಮರದ ಹತ್ತಿರ ನಿಂತಿದೆ. ಬುತ್ತಿ ಗಂಟು ಎತ್ತಿಕೊಂಡು ತಲೆಗೆ ಸೆರಗು ಬಿಗಿಯುವಾಗ, ಒಂದು ರೂಪಾಯಿ ಹೋಯಿತೆಂದು ಬೇಸರವಾಯಿತೇ ಎಂದು ಕೇಳಿದರೆ, ಇಲ್ಲವೆಂದು ತಲೆಯಾಡಿಸುತ್ತಾರೆ.

“ಇನ್ನ ಮ್ಯಾಲ ಇಟ್ಕೋರಿ ಅಂದ್ರ ಮಂದಿ ನಂಬತಾರ್ರಿ.”